ಬಣ್ಣ ಕಲಸುವ ಮೊದಲು ವಿಭಾಗ ಗೊತ್ತಾಗಲಿ

ಸಂಪಾದಕರಿಗೆ,

ಮಾನ್ಯರೇ,

ಶಾಲಾ ಮಕ್ಕಳ ಕಲಾ ಸ್ಪರ್ಧೆಗಳ ಕಾಲ ಬಂತೆಂದರೆ ನಮ್ಮ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದರ ಹಿಂದೆ ಒಂದು ಸುತ್ತೋಲೆ ಬರತೊಡಗುತ್ತದೆ. ಪ್ರತಿಭಾ ಕಾರಂಜಿ, ಕಲೋತ್ಸವ, ಇಂಧನ ಉಳಿತಾಯದ ಚಿತ್ರ ಸ್ಪರ್ಧೆ, ಸಂಘ ಸಂಸ್ಥೆಗಳು ಏರ್ಪಡಿಸುವ ಅಂತರಶಾಲಾ ಸ್ಪರ್ಧೆ, ಹೀಗೆ. ಪ್ರತಿಯೊಂದರ ಕೊನೆಯಲ್ಲೂ ಒಂದು ನಮೂನೆ ಇರುತ್ತದೆ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ತರಗತಿ, ಹುಟ್ಟಿದ ದಿನಾಂಕ ಎಲ್ಲವನ್ನೂ ಎರಡೆರಡು ಸಲ ನೋಡಿ ತುಂಬುವ ನಾವು ‘ವಿಭಾಗ’ ಎಂಬ ಒಂದು ಅಂಕಣವನ್ನು ಮಾತ್ರ ಕೊನೆಯ ದಿನದ ಸಂಜೆ, ಮುಖ್ಯ ಶಿಕ್ಷಕರ ಮೇಜಿನ ಬಳಿ ನಿಂತೇ, ತೋಚಿದಂತೆ ತುಂಬಿ ಕಳಿಸಿಬಿಡುತ್ತೇವೆ. ಮಗು ವಾರಗಟ್ಟಲೆ ಪಟ್ಟ ಶ್ರಮವನ್ನು ಅನೇಕ ಸಲ ಆ ಒಂದು ಅಂಕಣವೇ ನಿರ್ಧರಿಸುತ್ತದೆ ಎಂಬುದನ್ನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 19 ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿರುವ ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನ್ನ ತಪ್ಪೂ ಇದೆ. ಆ ತಪ್ಪನ್ನೇ ಮೊದಲು ಹೇಳುತ್ತೇನೆ.

ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರ ಎಂಬ ಗೋಡೆಚಿತ್ರ ಬರೆಯುವ ಹೆಂಗಸರು ಇಂದಿಗೂ ಇದ್ದಾರೆ. ಮದುವೆಗೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ನೆನೆಸಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ, ಅಳತೆಗೋಲಿನ ಹಂಗಿಲ್ಲದೆ ನೂಲು ಹಿಡಿದಂತೆ ನೆಟ್ಟಗೆ ಗೆರೆ ಎಳೆಯುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರುತ್ತದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅಜ್ಜಿಯ ಜೊತೆ ಕೂತು ಅಂಥ ಬುಟ್ಟಿಯೊಂದನ್ನು ಬರೆದು ತಂದಳು. ಬುಟ್ಟಿಯ ಅಂಚಿನಿಂದ ಬುಡದವರೆಗೆ ಎಳೆ ಎಳೆಯಾಗಿ ಇಳಿದಿದ್ದ ಆ ಬಿಳಿ ಗೆರೆಗಳು ಬಿದಿರಿನ ಹೆಣಿಗೆಯ ಉಬ್ಬುತಗ್ಗನ್ನು ದಾಟುವಲ್ಲಿ ಒಂದಿಷ್ಟೂ ನಡುಗಿರಲಿಲ್ಲ. ಅಷ್ಟು ಸ್ಥಿರವಾದ ಕೈ ನನ್ನ ತರಗತಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಒಂದು ಅಂತರಶಾಲಾ ಸ್ಪರ್ಧೆಗೆ ಅದನ್ನು ಕಳಿಸಲು ತೀರ್ಮಾನಿಸಿದೆ. ಅಲ್ಲಿ 2ಡಿ ಎಂದರೆ ಚಿತ್ರ, 3ಡಿ ಎಂದರೆ ಶಿಲ್ಪದಂಥ ಆಕಾರ ಎಂದು ಎರಡು ವಿಭಾಗಗಳಿದ್ದವು. ಬುಟ್ಟಿ ಮೇಜಿನ ಮೇಲೆ ನಿಲ್ಲುವ ವಸ್ತು, ಅದಕ್ಕೆ ದಪ್ಪವಿದೆ, ಸುತ್ತು ಹಾಕಿ ನೋಡಬಹುದು, ಮೇಲಾಗಿ 3ಡಿ ವಿಭಾಗಕ್ಕೆ ಮಕ್ಕಳು ಕಡಿಮೆ ಬರುತ್ತಾರೆ ಎಂದು ಲೆಕ್ಕ ಹಾಕಿ 3ಡಿ ಎಂದು ಬರೆದೆ.

ಸ್ಪರ್ಧೆಯ ದಿನ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಬುಟ್ಟಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಮೆಚ್ಚುಗೆ ಕಾಣುತ್ತಿತ್ತು. ಆಮೇಲೆ, “ಬುಟ್ಟಿ ಹೆಣೆದವರು ಯಾರಮ್ಮ?” ಎಂದು ಕೇಳಿದರು. ಅವಳು, “ಸಂತೆಯಿಂದ ತಂದಿದ್ದು ಸರ್, ಮೇದಾರರು ಮಾಡಿದ್ದು. ನಾನು ಚಿತ್ತಾರ ಬರೆದದ್ದು” ಎಂದಳು. ಅವರು ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟು, ನನ್ನ ಕಡೆ ತಿರುಗಿ, “ಟೀಚರ್, ಇದರ ಆಕಾರ ಈ ಮಗುವಿನದಲ್ಲ, ಗೆರೆ ಮಾತ್ರ ಇವಳದು. ನಾನು ಇಲ್ಲಿ ಆಕಾರಕ್ಕೆ ಅಂಕ ಕೊಡಬೇಕು, ಏನು ಮಾಡಲಿ?” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಜೇಡಿಮಣ್ಣಿನಲ್ಲಿ ಮಾಡಿದ್ದ ಎಮ್ಮೆಗೆ ಬಹುಮಾನ ಬಂತು. ಅದರ ಕಾಲು ಸ್ವಲ್ಪ ಸೊಟ್ಟಗಿದ್ದರೂ ಮಣ್ಣಿನ ಮುದ್ದೆಯಿಂದ ಎಮ್ಮೆಯನ್ನು ಎಬ್ಬಿಸಿದವನು ಅವನೇ. ನನ್ನ ವಿದ್ಯಾರ್ಥಿನಿ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ಗೆರೆ ಸರಿ ಬಂದಿರಲಿಲ್ವಾ ಟೀಚರ್?” ಎಂದು ಅವಳು ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. ಅವಳ ಗೆರೆ ಸರಿಯಾಗಿಯೇ ಇತ್ತು. ನಾನು ತುಂಬಿದ ಅಂಕಣ ತಪ್ಪಾಗಿತ್ತು.

ಅಂದಿನಿಂದ ಯಾವ ಮಗುವಿನ ಕೆಲಸವನ್ನು ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಲ್ಲಿ ಈ ಮಗುವಿನ ಕೈ ಮಾಡಿದ್ದು ಯಾವುದು? ಗೆರೆಯೇ, ಬಣ್ಣವೇ, ಆಕಾರವೇ, ಜೋಡಣೆಯೇ, ಆಲೋಚನೆಯೇ? ಅದಕ್ಕೆ ಯಾವ ವಿಭಾಗದಲ್ಲಿ ಅಂಕ ಸಿಗುತ್ತದೋ ಅದೇ ಆ ಕೆಲಸದ ವಿಭಾಗ. ಸಾಮಗ್ರಿ ಯಾವುದೆಂಬುದು ಆಮೇಲಿನ ಮಾತು. ಬುಟ್ಟಿ, ಮಡಕೆ, ತೆಂಗಿನ ಚಿಪ್ಪು, ಸೋರೆ ಬುರುಡೆ, ಬಾಟಲಿ ಇವುಗಳ ಮೇಲೆ ಬಣ್ಣ ಬರೆದು 3ಡಿ ವಿಭಾಗಕ್ಕೆ ತರುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇನೆ. ಅವರ ಹಿಂದೆ ನನ್ನಂತೆಯೇ ಲೆಕ್ಕ ಹಾಕಿದ ಒಬ್ಬ ಶಿಕ್ಷಕರೋ ಪೋಷಕರೋ ಇರುತ್ತಾರೆ. ಆ ಹುಡುಗಿಗೆ ನಾನು ಮೊದಲೇ ಸುತ್ತೋಲೆಯನ್ನು ಓದಿ ಹೇಳಿದ್ದರೆ, ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಅದೇ ಚಿತ್ತಾರವನ್ನು ಅವಳು ಬರೆಯುತ್ತಿದ್ದಳು, 2ಡಿ ವಿಭಾಗದಲ್ಲಿ ಅವಳ ಗೆರೆಯನ್ನು ಗೆರೆಯೆಂದೇ ನೋಡುತ್ತಿದ್ದರು.

2ಡಿ, 3ಡಿ ಎಂಬ ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಸುಲಭದ ಪ್ರಶ್ನೆಯಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕೇಂದ್ರ ಸರ್ಕಾರದ ಕಲಾ ಉತ್ಸವ 2015ರಲ್ಲಿ ಶುರುವಾದಾಗ ದೃಶ್ಯಕಲೆ ಎಂಬುದು ಒಂದೇ ವಿಭಾಗವಾಗಿತ್ತು, 9ರಿಂದ 12ನೇ ತರಗತಿಯ ಮಕ್ಕಳು ತಂಡವಾಗಿ ಅದರಲ್ಲಿ ಭಾಗವಹಿಸುತ್ತಿದ್ದರು. 2020ರ ಹೊತ್ತಿಗೆ ಅದು 2ಡಿ, 3ಡಿ ಮತ್ತು ದೇಸಿ ಆಟಿಕೆಗಳು ಹಾಗೂ ಆಟಗಳು ಎಂದು ಮೂರಾಯಿತು, ಒಬ್ಬೊಬ್ಬರೇ ಸ್ಪರ್ಧಿಸುವಂತಾಯಿತು. ಆಮೇಲೂ ಪಟ್ಟಿ ಬದಲಾಗಿದೆ. ಕಳೆದ ವರ್ಷದ ಸುತ್ತೋಲೆಯನ್ನು ನೆನಪಿನಲ್ಲಿಟ್ಟುಕೊಂಡು ಈ ವರ್ಷದ ಮಗುವನ್ನು ತಯಾರು ಮಾಡುವುದು ಅಪಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಉಬ್ಬಿದ್ದೆಲ್ಲ 3ಡಿ, ಚಪ್ಪಟೆಯಾದದ್ದೆಲ್ಲ 2ಡಿ ಎಂಬ ತಿಳಿವಳಿಕೆ ನಮ್ಮಲ್ಲಿ ಹರಡಿದೆ. ಇದು ಸಾಲದು. ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೇ ನೋಡಿ. ದೇವರ ಆಭರಣ, ಕಿರೀಟ, ಸಿಂಹಾಸನದ ಕಮಾನು ಇವನ್ನು ಗೆಸ್ಸೊ ಎಂಬ ಅಂಟುಸರಿಯಿಂದ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಬೆರಳಾಡಿಸಿದರೆ ಉಬ್ಬು ಕೈಗೆ ಸಿಗುತ್ತದೆ, ಆದರೂ ಅದು ಚಿತ್ರವೇ. ಇನ್ನೊಂದು ಕಡೆ, ನಮ್ಮ ಕರಾವಳಿಯ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಅದನ್ನು ಉಗುರಿನಷ್ಟು ಕೆರೆದು ಬಿಳಿಯನ್ನು ಹೊರಗೆ ತರುತ್ತಾರೆ. ಕೆರೆದದ್ದು ಹೌದು, ಅದನ್ನು ಶಿಲ್ಪವೆಂದು ಯಾರೂ ಕರೆಯುವುದಿಲ್ಲ. ಹಾಗೆಯೇ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ತಮ್ಮ ಹೆಸರಿನ ಕಲಾ ಗ್ಯಾಲರಿಯನ್ನೇ ಪಡೆದಿರುವ ಕೆ. ವೆಂಕಟಪ್ಪನವರನ್ನು (1886–1965) ನೆನೆಯೋಣ. ಊಟಿ ಮತ್ತು ಕೊಡೈಕೆನಾಲ್‌ನ ಮಂಜನ್ನು ಜಲವರ್ಣದಲ್ಲಿ ಹಿಡಿದ ಅದೇ ಕೈ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದೆ. ಎರಡನ್ನೂ ಚಿತ್ರದಂತೆ ಗೋಡೆಗೇ ತೂಗುಹಾಕಬಹುದು, ಎರಡನ್ನೂ ಎದುರಿನಿಂದಲೇ ನೋಡಬೇಕು. ಆದರೂ ಒಂದು ಚಿತ್ರ, ಇನ್ನೊಂದು ಶಿಲ್ಪ.

ಈ ವ್ಯತ್ಯಾಸವನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲವೆಂದು ನಾನು ಒಂದು ಉಪಾಯ ಕಂಡುಕೊಂಡಿದ್ದೇನೆ. ತರಗತಿಯ ಕಿಟಕಿ ಮುಚ್ಚಿಸಿ, ಕೆಲಸವನ್ನು ಗೋಡೆಗೆ ಒರಗಿಸಿ, ಮೊಬೈಲಿನ ಟಾರ್ಚನ್ನು ಅದರ ಅಂಚಿನಲ್ಲಿ ಹಿಡಿದು ಬೆಳಕು ಅಡ್ಡಡ್ಡಲಾಗಿ ಹರಿಯುವಂತೆ ಮಾಡುತ್ತೇನೆ. ಟಾರ್ಚು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸರಿಯುತ್ತಿದ್ದಂತೆ ಚಿತ್ರದೊಳಗಿನ ಮುಖವೇ ಬದಲಾದರೆ, ಕಣ್ಣಿನ ಗುಳಿಗೆ ನೆರಳು ತುಂಬಿ ಮೂಗು ಎದ್ದು ನಿಂತರೆ, ಅಲ್ಲಿ ಕೆಲಸ ಮಾಡುತ್ತಿರುವುದು ಆಕಾರ; ಅದು 3ಡಿ ವಿಭಾಗಕ್ಕೆ ಹೋಗಬೇಕು. ಬೆಳಕು ಎಲ್ಲಿಂದ ಬಿದ್ದರೂ ಮುಖ ಹಾಗೆಯೇ ಇದ್ದು, ಅಲ್ಲಲ್ಲಿ ಒಂದು ಒಡವೆ ಮಿಂಚಿದರೆ, ಬಣ್ಣದ ದಪ್ಪ ಗೀಟೊಂದು ನೆರಳು ಚೆಲ್ಲಿದರೆ, ಅದು ಚಿತ್ರ. ಬಣ್ಣವನ್ನೆಲ್ಲ ತೊಳೆದುಹಾಕಿದರೆ ಏನು ಉಳಿಯುತ್ತದೆ ಎಂದು ಯೋಚಿಸಿದರೂ ಇದೇ ಉತ್ತರ ಬರುತ್ತದೆ. ಕಾಳು, ದಾರ, ಹುಲ್ಲು, ಬಟ್ಟೆಯ ಚೂರು ಅಂಟಿಸಿದ ಕೊಲಾಜುಗಳನ್ನು ಈ ಪರೀಕ್ಷೆಗೆ ಒಡ್ಡಿದಾಗ ಹೆಚ್ಚಿನವು 2ಡಿಯಲ್ಲಿಯೇ ನಿಲ್ಲುತ್ತವೆ. ಆದರೆ ರದ್ದಿ ಕಾಗದದಿಂದ ಮೂರು ಬೆರಳು ದಪ್ಪದ ಮರದ ಕಾಂಡವನ್ನು ಎಬ್ಬಿಸಿದ ಹಲಗೆ ನಿಲ್ಲುವುದಿಲ್ಲ. ಅಂಥದ್ದನ್ನು ಗಾಜಿನ ಚೌಕಟ್ಟಿಗೆ ತೂರಿಸಿ ಚಿತ್ರವೆಂದು ಕಳಿಸುವುದಕ್ಕಿಂತ ಉಬ್ಬುಶಿಲ್ಪವೆಂದು ಒಪ್ಪಿಕೊಂಡು 3ಡಿ ವಿಭಾಗಕ್ಕೆ ಕೊಡುವುದು ಮಗುವಿಗೆ ಒಳ್ಳೆಯದು.

ಆಟಿಕೆಯ ವಿಭಾಗ ಇರುವ ಸ್ಪರ್ಧೆಗಳಲ್ಲಿ ಇನ್ನೊಂದು ಬಗೆಯ ಗೊಂದಲವಿದೆ. ಸಣ್ಣದಾಗಿ, ಮುದ್ದಾಗಿ, ಬಣ್ಣ ಬಣ್ಣವಾಗಿ ಇರುವುದೆಲ್ಲವನ್ನೂ ನಾವು ಗೊಂಬೆ ಎನ್ನುತ್ತೇವೆ, ಗೊಂಬೆಯೆಲ್ಲ ಆಟಿಕೆ ಎಂದುಕೊಳ್ಳುತ್ತೇವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮಾಡುವ ದೇವರ ಮೂರ್ತಿಯೂ ಮರದ್ದೇ, ಚನ್ನಪಟ್ಟಣದಲ್ಲಿ ಆಲೆ ಮರವನ್ನು ತಿರುಗಿಸಿ ಕಡೆಯುವ ಚರಕಿಗೆ ಕೊಟ್ಟು ಅರಗಿನ ಬಣ್ಣ ಹತ್ತಿಸಿ ತೆಗೆಯುವ ಬುಗುರಿಯೂ ಮರದ್ದೇ. ಒಂದನ್ನು ಪೂಜಿಸುತ್ತೇವೆ, ಇನ್ನೊಂದನ್ನು ಮಗುವಿನ ಕೈಗೆ ಕೊಡುತ್ತೇವೆ. ಆಟಿಕೆಯ ವಿಭಾಗದಲ್ಲಿ ತೀರ್ಪುಗಾರರು ನೋಡಬೇಕಾದದ್ದು ಅದು ಉರುಳುತ್ತದೆಯೇ, ತಿರುಗುತ್ತದೆಯೇ, ಸದ್ದು ಮಾಡುತ್ತದೆಯೇ, ಮಗು ಅದರೊಡನೆ ಏನು ಆಡಬಲ್ಲದು ಎಂಬುದನ್ನು. ಜೋಳದ ದಂಟಿನ ಬಂಡಿ, ತಾಟಿನುಂಗಿನ ಗಾಡಿ, ತೆಂಗಿನ ಗರಿಯ ಗಿರಿಗಿಟ್ಟಲೆ, ಪೀಪಿ ಇವು ನೋಡಲು ಸಾದಾ ಆದರೂ ಈ ವಿಭಾಗದ ನಿಜವಾದ ವಾರಸುದಾರರು. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮಕ್ಕಳು ಮಾಡುವ ಮಣ್ಣೆತ್ತನ್ನು ಎಲ್ಲಿ ಇಡುವುದು ಎಂದು ಧಾರವಾಡದ ಕಡೆಯ ಶಿಕ್ಷಕ ಮಿತ್ರರೊಬ್ಬರು ಒಮ್ಮೆ ನನ್ನನ್ನು ಕೇಳಿದ್ದರು. ಎತ್ತಿನ ಡುಬ್ಬ, ಕೊರಳು, ಕೋಡಿನ ಬಾಗು ಇವುಗಳಲ್ಲಿ ಮಗುವಿನ ಬೆರಳಿನ ಚಳಕ ಕಾಣುತ್ತಿದ್ದರೆ ಅದು ಶಿಲ್ಪ ಎಂದೂ, ಅದಕ್ಕೆ ಗಾಲಿಯ ಪೀಠ ಕಟ್ಟಿ ದಾರ ಬಿಗಿದು ಎಳೆಯುವಂತೆ ಮಾಡಿದ್ದರೆ ಆಟಿಕೆ ಎಂದೂ ಹೇಳಿದೆ. ತೊಗಲು ಗೊಂಬೆಯ ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ಒಂದೇ ಉತ್ತರ ಹೊಳೆದಿಲ್ಲ. ಅದು ಚಪ್ಪಟೆ, ಅದರ ಜೀವ ಇರುವುದು ಕೊರೆದ ರಂಧ್ರ ಮತ್ತು ಹಿಂದಿನಿಂದ ಹಾಯುವ ಬೆಳಕಿನಲ್ಲಿ, ಕೈಕಾಲಿನ ಕೀಲು ಆಡಿಸಿದರೆ ಅದು ಆಟಕ್ಕೂ ಬರುತ್ತದೆ. ಹೀಗಾಗಿ ಏರ್ಪಡಿಸಿದವರನ್ನು ಮೊದಲೇ ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ಪಡೆದುಕೊಂಡೇ ಅದನ್ನು ಕಳಿಸುವುದು ಲೇಸು.

ಇಲ್ಲಿಯವರೆಗೆ ಕೆಲಸಕ್ಕೆ ತಕ್ಕ ವಿಭಾಗದ ಮಾತಾಯಿತು. ಮಗುವಿಗೆ ತಕ್ಕ ವಿಭಾಗದ ಮಾತು ಇದಕ್ಕಿಂತ ಮುಖ್ಯ. ನಮ್ಮಲ್ಲಿ ಶಾಲೆಯಿಂದ ಒಂದು ಸ್ಪರ್ಧೆಗೆ ಒಬ್ಬರನ್ನು ಕಳಿಸುವುದು ವಾಡಿಕೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುವ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆಯೂ ಇದೆ, ಮಕ್ಕಳೆಲ್ಲ ಕ್ಲೇ ಮಾಡ್ಲಿಂಗ್ ಎಂದು ಕರೆಯುವ ಮಣ್ಣಿನ ಕೆಲಸವೂ ಇದೆ. ಗಣಪತಿ ಮಾಡುವ ಮನೆಯಿಂದ ಬರುವ ಹುಡುಗನೊಬ್ಬ ನನ್ನ ಹಳೆಯ ಶಾಲೆಯಲ್ಲಿದ್ದ. ಕೈಗೆ ಮಣ್ಣು ಸಿಕ್ಕರೆ ಅದರ ಹದವನ್ನು ಹೆಬ್ಬೆರಳಿನಿಂದಲೇ ಅಳೆಯುತ್ತಿದ್ದ, ನೀರು ಎಷ್ಟು ಬೇಕು, ಒಳಗೆ ಕಡ್ಡಿ ಎಲ್ಲಿ ಕೊಡಬೇಕು, ಕಿವಿಯನ್ನು ಅಂಟಿಸುವ ಮೊದಲು ಎರಡೂ ಬದಿ ಗೀರಿ ತೆಳು ಕೆಸರು ಹಚ್ಚದಿದ್ದರೆ ಒಣಗುವಾಗ ಬಿಟ್ಟುಬರುತ್ತದೆ ಎಂಬುದನ್ನು ನನಗೇ ಹೇಳಿಕೊಡುವಷ್ಟು ಬಲ್ಲವನಾಗಿದ್ದ. ಆ ವರ್ಷ ಮಣ್ಣಿನ ಸ್ಪರ್ಧೆಗೆ ಬೇರೊಬ್ಬನ ಹೆಸರು ಮೊದಲೇ ಹೋಗಿದ್ದರಿಂದ, “ಇವನೂ ಕಲಾವಿದನೇ ಅಲ್ಲವೇ” ಎಂದು ಇವನನ್ನು ಚಿತ್ರಕಲೆಗೆ ಸೇರಿಸಿದರು. ಪೋಸ್ಟರ್ ಕಲರ್ ಬಾಟಲಿಗಳ ಮುಂದೆ ಅವನು ಕೂತ ರೀತಿ ನನಗೆ ಮರೆಯುವುದಿಲ್ಲ. ಆಕಾಶ, ಗುಡ್ಡ, ಮನೆ, ತೆಂಗಿನ ಮರ ಎಂದು ಎಲ್ಲರೂ ಬರೆಯುವುದನ್ನೇ ಬರೆದು, ಸಮಯ ಮುಗಿಯುವ ಮೊದಲೇ ಎದ್ದುಬಂದ. ದೃಶ್ಯಕಲೆ ಎಂಬ ಒಂದೇ ಹೆಸರಿನ ಕೆಳಗೆ ಇಟ್ಟ ಮಾತ್ರಕ್ಕೆ ಕುಂಚ ಹಿಡಿಯುವ ಕೈ, ಮಣ್ಣು ಹಿಡಿಯುವ ಕೈ ಒಂದೇ ಆಗುವುದಿಲ್ಲ. ವರ್ಷಾರಂಭದಿಂದಲೇ ಯಾವ ಮಗು ಯಾವ ಮಾಧ್ಯಮದಲ್ಲಿ ಹೊತ್ತಿನ ಪರಿವೆಯಿಲ್ಲದೆ ಕೂರುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಹೆಸರು ಕೊಡುವ ದಿನ ಇಂಥ ಎಡವಟ್ಟು ಆಗದು. ಅಂದಹಾಗೆ, ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಗಳು ನಮ್ಮಲ್ಲಿ ಸಾಕಷ್ಟಿವೆ. ಅಲ್ಲಿ ಗಣಿತದ ಮೇಷ್ಟ್ರೋ ದೈಹಿಕ ಶಿಕ್ಷಕರೋ ಒಳ್ಳೆಯ ಮನಸ್ಸಿನಿಂದಲೇ ಈ ಹೊಣೆ ಹೊರುತ್ತಾರೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೆ ಕೈಗೊಂದು ದಾರಿ ತೋರುವ ಕಾಗದ ಸಿಗಬೇಕೆಂಬುದೇ ಈ ಪತ್ರದ ಆಸೆ.

ಸಾಂಪ್ರದಾಯಿಕ ಮತ್ತು ಸೃಜನಶೀಲ ಎಂದು ಎರಡು ವಿಭಾಗ ಮಾಡುವ ಸ್ಪರ್ಧೆಗಳಲ್ಲಿ ಒಂದೇ ಕೃತಿಗೆ ಒಂದು ಕಡೆ ಹೊಗಳಿಕೆ, ಇನ್ನೊಂದು ಕಡೆ ನಿರಾಕರಣೆ ಸಿಗುವುದುಂಟು. ಸಾಂಪ್ರದಾಯಿಕ ವಿಭಾಗದಲ್ಲಿ ನೋಡುವುದು ಮಗು ಆ ಪರಂಪರೆಯ ವ್ಯಾಕರಣವನ್ನು ಎಷ್ಟು ಕಲಿತಿದೆ ಎಂಬುದನ್ನು. ಚಿತ್ತಾರವಾದರೆ ಗೆರೆಯ ನೇರ, ಅಂತರದ ಸಮತೋಲ, ಕೆಂಪು, ಬಿಳಿ, ಕಪ್ಪು ಮತ್ತು ಗುರಿಗೆ ಕಾಯಿಯ ಹಳದಿ ಇಷ್ಟರಲ್ಲೇ ನಿಲ್ಲುವ ಸಂಯಮ. ಮೈಸೂರು ಶೈಲಿಯಾದರೆ ಮುಖದ ಸೌಮ್ಯ, ಗೆಸ್ಸೊ ಕೆಲಸದ ನಯ. ಸೃಜನಶೀಲ ವಿಭಾಗದಲ್ಲಿ ಕೇಳುವುದು, ಈ ಮಗು ತಾನಾಗಿ ಏನು ಕಂಡಿತು ಎಂದು. ಅಜ್ಜಿಯ ಚಿತ್ತಾರವನ್ನು ಒಂದು ಗೆರೆಯೂ ತಪ್ಪದಂತೆ ಬರೆದ ಮಗುವನ್ನು ಎರಡನೆಯದಕ್ಕೆ ಕಳಿಸಿದರೆ ಹೊಸತನವಿಲ್ಲ ಎನ್ನುತ್ತಾರೆ. ಅದೇ ಗೆರೆಗಳಲ್ಲಿ ತನ್ನ ಊರಿನ ಬಸ್‌ನಿಲ್ದಾಣವನ್ನು ಬರೆದ ಮಗುವನ್ನು ಮೊದಲನೆಯದಕ್ಕೆ ಕಳಿಸಿದರೆ ಪರಂಪರೆಗೆ ಹೊರಗು ಎನ್ನುತ್ತಾರೆ. ಇಬ್ಬರೂ ಒಳ್ಳೆಯ ಕೆಲಸ ಮಾಡಿ ಬರಿಗೈಯಲ್ಲಿ ಮನೆಗೆ ಬರುತ್ತಾರೆ.

ಭಿತ್ತಿಪತ್ರ ಮತ್ತು ಚಿತ್ರದ ನಡುವಿನ ಗೊಂದಲವೂ ಇದೇ ಜಾತಿಯದು. ಭಿತ್ತಿಪತ್ರ ರಸ್ತೆಯ ಆಚೆ ಬದಿಯಿಂದ ಓದಿಸಿಕೊಳ್ಳಬೇಕು. ಒಂದು ಮಾತು, ಒಂದು ರೂಪ, ಎದ್ದು ಕಾಣುವ ಅಕ್ಷರ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ 2005ರಿಂದ ಶಾಲಾ ಮಕ್ಕಳಿಗೆ ನಡೆಸುತ್ತಿರುವ ಚಿತ್ರ ಸ್ಪರ್ಧೆಯಂಥವುಗಳಲ್ಲಿ ವಿಷಯವೇ ಪ್ರಧಾನವಾದ್ದರಿಂದ, ಎಷ್ಟೇ ಚೆಂದದ ನಿಸರ್ಗಚಿತ್ರವಾದರೂ ಕೊಟ್ಟ ವಿಷಯವನ್ನು ಮುಟ್ಟದಿದ್ದರೆ ಪ್ರಯೋಜನವಿಲ್ಲ. ವ್ಯಂಗ್ಯಚಿತ್ರಕ್ಕೆ ಹೇಳುವ ಒಂದು ವಿಷಯ ಬೇಕು, ಮೂಗು ಉದ್ದ ಮಾಡಿ ಬರೆದ ಮಾತ್ರಕ್ಕೆ ಅದು ವ್ಯಂಗ್ಯಚಿತ್ರವಾಗದು. ಲೈನೋ ಹಾಳೆಯನ್ನು ಕೆತ್ತಿ ಅಚ್ಚು ಹಾಕಿದ್ದನ್ನು ಪೇಂಟಿಂಗ್ ಎಂದು ಬರೆಯಬಾರದು. ಅಚ್ಚುಚಿತ್ರ ಎಂಬ ಅಂಕಣವಿದ್ದರೆ ಅಲ್ಲಿಯೇ ಕೊಡಬೇಕು, ಇಲ್ಲದಿದ್ದರೆ 2ಡಿ ಎಂದು ಕೊಟ್ಟು ಮಾಧ್ಯಮವನ್ನು ಸ್ಪಷ್ಟವಾಗಿ ನಮೂದಿಸಬೇಕು.

ವಯಸ್ಸಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರತಿಭಾ ಕಾರಂಜಿ ತರಗತಿಯನ್ನು ನೋಡುತ್ತದೆ. ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ಆರಂಭಿಸಿದ ಮಕ್ಕಳ ಸ್ಪರ್ಧೆಯಂಥವು 16 ವರ್ಷದೊಳಗೆ ಎಂದು ವಯಸ್ಸನ್ನು ನೋಡುತ್ತವೆ. ತಡವಾಗಿ ಶಾಲೆ ಸೇರಿದ ಮಗುವಿಗೆ ಇವೆರಡರಲ್ಲಿ ಬೇರೆ ಬೇರೆ ಗುಂಪು ಬರಬಹುದು. ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡು ತುಂಬಿದರೆ ಸಾಕು.

ಡಿಜಿಟಲ್ ಚಿತ್ರ ಮತ್ತು ಛಾಯಾಚಿತ್ರದ ವಿಭಾಗಗಳು ಈಗೀಗ ನಮ್ಮ ಸ್ಪರ್ಧೆಗಳಿಗೂ ಬರುತ್ತಿವೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಫೋಟೊವನ್ನು ಟ್ಯಾಬ್‌ನಲ್ಲಿ ಇಟ್ಟು ಅದರ ಮೇಲೆಯೇ ಗೆರೆ ಎಳೆದು ಬಣ್ಣ ತುಂಬಿದ್ದು ಯಾವ ವಿಭಾಗ ಎಂದು ಕಳೆದ ವರ್ಷ ಪೋಷಕರೊಬ್ಬರು ಕೇಳಿದರು. ಬುಟ್ಟಿಯ ದಿನ ಕಲಿತ ಪ್ರಶ್ನೆಯನ್ನೇ ನಾನು ಅವರ ಮುಂದಿಟ್ಟೆ: ಇದರಲ್ಲಿ ನಿಮ್ಮ ಮಗನ ಕೈ ಮಾಡಿದ್ದು ಯಾವುದು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ಚಿತ್ರ ಬರೆಸುತ್ತೇವೆ ಎಂದರು. ಆಜ್ಞೆ ಕೊಟ್ಟರೆ ಯಂತ್ರವೇ ಚಿತ್ರ ಮಾಡಿಕೊಡುವ ಈ ಕಾಲದಲ್ಲಿ ಈ ಪ್ರಶ್ನೆಯ ತೂಕ ಇನ್ನೂ ಹೆಚ್ಚಾಗಿದೆ. ಅಮೆರಿಕದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಅಲ್ಲಿ 1923ರಿಂದ ನಡೆದುಬಂದಿರುವ ಸ್ಕಾಲಸ್ಟಿಕ್ ಕಲಾ ಮತ್ತು ಬರವಣಿಗೆ ಪ್ರಶಸ್ತಿಗೆ ಕೆಲಸ ಕಳಿಸುವಾಗ ಫೋನಿನಲ್ಲಿ ನನ್ನ ಸಲಹೆ ಕೇಳಿದ್ದಳು. 7ರಿಂದ 12ನೇ ತರಗತಿಯ ಮಕ್ಕಳಿಗಾಗಿ ಇರುವ ಅದರಲ್ಲಿ ರೇಖಾಚಿತ್ರ, ವರ್ಣಚಿತ್ರ, ಮಿಶ್ರ ಮಾಧ್ಯಮ, ಅಚ್ಚುಚಿತ್ರ, ಛಾಯಾಚಿತ್ರ, ಡಿಜಿಟಲ್ ಕಲೆ, ಮಣ್ಣು ಮತ್ತು ಗಾಜಿನ ಕೆಲಸ, ಶಿಲ್ಪ ಎಲ್ಲವೂ ಬೇರೆ ಬೇರೆ ವಿಭಾಗಗಳು. ಅವಳು ಕಳಿಸಬೇಕೆಂದಿದ್ದದ್ದು ಜಲವರ್ಣದ ಮೇಲೆ ಅಜ್ಜಿಯ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡುಗಳನ್ನು ಹೊಲಿದ ಚಿತ್ರ. ಬಣ್ಣ ಹೆಚ್ಚಿದೆಯಾದ್ದರಿಂದ ವರ್ಣಚಿತ್ರವೆಂದು ಅವಳಿಗೆ ಅನ್ನಿಸಿತ್ತು. ಸೆರಗನ್ನು ತೆಗೆದರೆ ಚಿತ್ರ ನಿಲ್ಲುತ್ತದೆಯೇ ಎಂದು ಕೇಳಿದೆ. “ಇಲ್ಲ ಚಿಕ್ಕಮ್ಮ, ಸೆರಗೇ ಚಿತ್ರ” ಎಂದಳು. ಹಾಗಾದರೆ ಮಿಶ್ರ ಮಾಧ್ಯಮ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಅಷ್ಟು ಹೊತ್ತಿನಲ್ಲಿ ನಮಗೆ ನೆರವಾದದ್ದು ಪ್ರತಿಯೊಂದು ವಿಭಾಗದ ಎದುರು ಅದೇನೆಂದು ವಿವರಿಸುವ ಕೆಲವು ಸಾಲುಗಳು ಇದ್ದದ್ದು.

ಬಹುಮಾನ ಸುಲಭವೆಂದು ಜನ ಕಡಿಮೆ ಇರುವ ವಿಭಾಗವನ್ನು ಹುಡುಕುವ ಅಭ್ಯಾಸವನ್ನು ನಾವು ದೊಡ್ಡವರು ಬಿಡಬೇಕು. ನಾನೂ ಒಮ್ಮೆ ಹಾಗೆ ಮಾಡಿದ್ದರಿಂದ ಈ ಮಾತನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಮಗುವಿಗೆ ಆಗುವ ನಷ್ಟ ಬಹುಮಾನದ್ದಷ್ಟೇ ಅಲ್ಲ. ತಪ್ಪು ವಿಭಾಗದಲ್ಲಿ ಸೋತ ಮಗು ತನ್ನ ಕೆಲಸವೇ ಸರಿಯಿಲ್ಲವೆಂದು ತಿಳಿಯುತ್ತದೆ, ಗೆದ್ದ ಮಗುವೂ ತಾನು ಯಾವುದರಲ್ಲಿ ನಿಜವಾಗಿ ಒಳ್ಳೆಯವನೆಂದು ತಿಳಿಯದೆ ಹೋಗುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಇಂಥ ತಪ್ಪು ತಿಳಿವಳಿಕೆ ಕುಂಚವನ್ನು ಶಾಶ್ವತವಾಗಿ ಕೆಳಗಿಡಿಸಲೂಬಹುದು.

ಶಿಕ್ಷಣ ಇಲಾಖೆಯವರಿಗೆ ಮತ್ತು ಸ್ಪರ್ಧೆ ಏರ್ಪಡಿಸುವ ಸಂಘ ಸಂಸ್ಥೆಗಳಿಗೆ ನನ್ನ ವಿನಂತಿ ಹೀಗಿದೆ. ಸುತ್ತೋಲೆಯಲ್ಲಿ ವಿಭಾಗದ ಹೆಸರನ್ನಷ್ಟೇ ಬರೆಯದೆ, ಅದರ ಕೆಳಗೆ ಸರಳ ಕನ್ನಡದಲ್ಲಿ ನಾಲ್ಕು ಸಾಲು ವಿವರಣೆ ಕೊಡಬೇಕು: ಏನು ಬರುತ್ತದೆ, ಏನು ಬರುವುದಿಲ್ಲ, ಸಿದ್ಧ ವಸ್ತುವಿನ ಮೇಲೆ ಕೆಲಸ ಮಾಡಬಹುದೇ, ಸ್ಥಳದಲ್ಲಿಯೇ ಮಾಡಬೇಕೇ ಅಥವಾ ಮಾಡಿ ತರಬಹುದೇ, ಗಾತ್ರ ಮತ್ತು ದಪ್ಪ ಎಷ್ಟು, ತೀರ್ಪುಗಾರರು ಯಾವುದಕ್ಕೆ ಎಷ್ಟು ಅಂಕ ಕೊಡುತ್ತಾರೆ. ಭೂಮಣ್ಣಿ ಬುಟ್ಟಿ, ತೊಗಲು ಗೊಂಬೆ, ಕಸೂತಿ ಇಂಥ ನಮ್ಮ ನೆಲದ ಕೆಲಸಗಳನ್ನು ಹೆಸರಿಸಿ ಅವು ಎಲ್ಲಿಗೆ ಸೇರುತ್ತವೆ ಎಂದು ಬರೆದರೆ ಇನ್ನೂ ಒಳ್ಳೆಯದು, ಏಕೆಂದರೆ ಗ್ರಾಮೀಣ ಮಕ್ಕಳು ಮನೆಯಿಂದ ತರುವುದು ಇವನ್ನೇ. ಎರಡನೆಯದಾಗಿ, ಮಾಡಿ ತರುವ ಸ್ಪರ್ಧೆಗಳಲ್ಲಿ ತಪ್ಪು ವಿಭಾಗಕ್ಕೆ ಬಂದ ಕೃತಿಯನ್ನು ತಳ್ಳಿಹಾಕುವ ಬದಲು, ತೀರ್ಪು ಆರಂಭವಾಗುವ ಮೊದಲೇ ಸರಿಯಾದ ವಿಭಾಗಕ್ಕೆ ಸರಿಸುವ ಅಧಿಕಾರವನ್ನು ತೀರ್ಪುಗಾರರಿಗೆ ಕೊಡಬೇಕು. ಅಂದು ಆ ಹಿರಿಯರಿಗೆ ಅಂಥ ಅಧಿಕಾರ ಇದ್ದಿದ್ದರೆ “ಏನು ಮಾಡಲಿ” ಎಂದು ಅವರು ನನ್ನನ್ನು ಕೇಳಬೇಕಾಗಿರಲಿಲ್ಲ. ಸುತ್ತೋಲೆಗೂ ಹೆಸರು ಕೊಡುವ ಕೊನೆಯ ದಿನಕ್ಕೂ ನಡುವೆ ಕನಿಷ್ಠ ಹದಿನೈದು ದಿನ ಇರಲಿ. ಒಂದೇ ದಿನದ ಗಡುವಿನಲ್ಲಿ ಯಾವ ಶಿಕ್ಷಕರೂ ಮಗುವಿನ ಜೊತೆ ಕೂತು ಯೋಚಿಸಲಾರರು.

ಆ ಹುಡುಗಿ ಮರುವರ್ಷ ಹತ್ತನೇ ತರಗತಿಗೆ ಬಂದಳು. ಆಗ ಕೆಲಸ ಶುರುಮಾಡುವ ಮೊದಲೇ ನಮೂನೆಯನ್ನು ಅವಳ ಕೈಗೇ ಕೊಟ್ಟು, ಯಾವ ವಿಭಾಗ ಎಂದು ಓದಿ ನೀನೇ ಹೇಳು ಎಂದೆ. ಅವಳು ಎರಡು ದಿನ ಯೋಚಿಸಿ, ಎರಡಡಿ ಹಲಗೆಯೊಂದಕ್ಕೆ ಕೆಮ್ಮಣ್ಣು ಬಳಿದು ತಂದು, “2ಡಿ ಟೀಚರ್, ಗೆರೆ ಮಾತ್ರ ನಂದು” ಎಂದಳು. ನಾನು ಪೆನ್ನು ಅವಳ ಕೈಗೆ ಕೊಟ್ಟೆ, ಆ ಅಂಕಣವನ್ನು ಅವಳೇ ತುಂಬಿದಳು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ